‘ಶಿಲುಬೆಯನ್ನು ಬೀರುವಿನಲ್ಲಿಟ್ಟೆ’ ಎಂದ ಸಹೋದರಿಗೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಲೆನಾಡಿನ ಅಂಚಿನ ತಾಲ್ಲೂಕು ಊರೊಂದರಿಂದ ಸಹೋದರಿಯೊಬ್ಬರು ಬರೆದ ಪತ್ರ ಬಹಳ ಮಂದಿಯ ಮನಸ್ಸನ್ನು ಕಲಕಿದೆ. ಓದದವರಿಗಾಗಿ ಅದರ ಸಾರ ಇಷ್ಟು. ಅತ್ತೆಯ ಕಾಲದಿಂದಲೂ ಅವರ ಮನೆಯಲ್ಲಿ ಶುಕ್ರವಾರ ಸಂಜೆ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಹತ್ತು ಹನ್ನೆರಡು ಜನ, ಎರಡು ಹಾಡು, ಒಂದು ವಾಕ್ಯಭಾಗ, ಕೊನೆಗೆ ಟೀ. ಒಂದು ಶುಕ್ರವಾರ ಕೆಲವು ಹುಡುಗರು ಬಾಗಿಲಲ್ಲಿ ನಿಂತು ಇಲ್ಲಿ ಮತಾಂತರ ನಡೀತಿದೆ ಎಂದು ಕೂಗಾಡಿದರು, ಒಳಗೆ ಕೂತವರ ಮುಖಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಯಾರ ಮೈಮೇಲೂ ಕೈ ಬೀಳಲಿಲ್ಲ. ಆದರೆ ಅಂದಿನಿಂದ ಕೂಟ ನಿಂತಿದೆ. ಪಕ್ಕದ ಮನೆಯ ಅಕ್ಕ ಮಾತು ಬಿಟ್ಟಿದ್ದಾರೆ. ಸಭೆಯಲ್ಲೂ ಎರಡು ಪಂಗಡ: ಇನ್ನೂ ಗಟ್ಟಿಯಾಗಿ ಹಾಡೋಣ ಎನ್ನುವವರು, ಸ್ವಲ್ಪ ದಿನ ಸುಮ್ಮನಿರೋಣ ಎನ್ನುವವರು. ಮಗ ಹೇಳಿದನೆಂದು ಇವರು ಬಾಗಿಲ ಮೇಲಿದ್ದ ಮರದ ಶಿಲುಬೆಯನ್ನು ಇಳಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾರೆ. “ಗೋಡೆಯ ಮೇಲೆ ಅದರ ಗುರುತು ಹಾಗೇ ಇದೆ, ಮೊಳೆಯೂ ಇದೆ. ಹೋಗುವಾಗ ಬರುವಾಗ ಕಣ್ಣಿಗೆ ಬೀಳುತ್ತದೆ. ಭಯಪಡಬೇಡ ಎಂದು ದೇವರು ಅಷ್ಟು ಸಲ ಹೇಳಿದ್ದರೂ ನನ್ನ ಭಯ ಹೋಗುತ್ತಿಲ್ಲ. ಹಾಗಾದರೆ ನನ್ನ ವಿಶ್ವಾಸವೇ ಸುಳ್ಳೇ?” ಎಂದು ಅವರು ಕೇಳಿದ್ದರು.

ಮೊದಲು ಬಂದ ಪತ್ರವನ್ನೇ ಮೊದಲು ಕೊಡುತ್ತಿದ್ದೇವೆ.

*

ಮನುಷ್ಯರ ಮುಂದೆ ನನ್ನನ್ನು ಅರಿಯೆನು ಅನ್ನುವವನನ್ನು ನಾನೂ ತಂದೆಯ ಮುಂದೆ ಅರಿಯೆನು ಅನ್ನುವೆನು ಎಂದು ಕರ್ತನಾದ ಯೇಸು ಹೇಳಿದ್ದಾನೆ. ಮತ್ತಾಯ 10ನೇ ಅಧ್ಯಾಯ ತೆಗೆದು ಓದಿ. ಅದಕ್ಕಿಂತ ಹೆಚ್ಚು ಹೇಳುವುದು ನನಗೇನೂ ಇಲ್ಲ. ಇವತ್ತೇ ಶಿಲುಬೆಯನ್ನು ಮೊದಲಿದ್ದ ಜಾಗದಲ್ಲಿ ಹಾಕಿ.

—ಸಭೆಯ ಹಿರಿಯರೊಬ್ಬರು, ಬಳ್ಳಾರಿ

*

ಆ ವಾಕ್ಯ ಅಲ್ಲಿದೆ, ನಿಜ. ಅದನ್ನು ಕೇಳಿಸಿಕೊಂಡ ಹನ್ನೆರಡು ಮಂದಿ ಶಿಷ್ಯರಲ್ಲಿ, ಮುಂದೆ ಹೆದರಿ ಯೇಸುವನ್ನು ಅರಿಯೆನು ಎಂದ ಪೇತ್ರನೂ ಇದ್ದ. ಮುಂದಿನ ಪತ್ರ ಕರಾವಳಿಯಿಂದ ಬಂದಿದೆ. ಉದ್ದವಾಗಿದ್ದರೂ ಒಂದು ಸಾಲನ್ನೂ ತೆಗೆಯುವ ಮನಸ್ಸಾಗಲಿಲ್ಲ.

*

ಸಹೋದರಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದನ್ನು ನಾನು ನನ್ನ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಪೂರ್ತಿ ಹೇಳಿದವನಲ್ಲ. ನಿಮಗೆ ಹೇಳಿ ಬಿಡುತ್ತೇನೆ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಲ್ಲಿ, ಉಡುಪಿ ಕಡೆ, ಚಿಕ್ಕಮಗಳೂರು ಕಡೆ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ದಿನ. ನಮ್ಮದು ದೊಡ್ಡ ಚರ್ಚಲ್ಲ, ಶೀಟು ಹಾಕಿದ ಒಂದು ಹಾಲು, ಪ್ಲಾಸ್ಟಿಕ್ ಕುರ್ಚಿಗಳು. ನನಗೆ ಆಗ 34 ವರ್ಷ. ಸ್ಪೀಕರಿನ ವಯರು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಹಿಂದಿನ ಬಾಗಿಲ ಹತ್ತಿರ ಕೂತಿದ್ದೆ. ಅಮ್ಮ ಮುಂದಿನ ಸಾಲಿನಲ್ಲಿ. ಅವರಿಗೆ ಮೊಣಕಾಲು ನೋವು, ಕುರ್ಚಿಯಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ದಿನಾ ಕೊಡುವವ ನಾನೇ.

ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸದ, ತಟ್ಟೆ ಹಿಡಿದುಕೊಂಡು ಪಾಸ್ಟರ್ ಮೊದಲನೆಯ ಸಾಲಿಗೆ ಬಂದಿದ್ದರು. ಹೊರಗೆ ಬೈಕುಗಳು ಬಂದು ನಿಂತ ಶಬ್ದ. ಮತ್ತೆ ಗಾಜು. ನಾನು ಎದ್ದೆ, ಹಿಂದಿನ ಬಾಗಿಲು ತೆಗೆದೆ, ಓಡಿದೆ. ಯೋಚನೆ ಮಾಡಿ ಓಡಿದ್ದಲ್ಲ, ಕಾಲೇ ಓಡಿತು. ಆದರೆ ಕಂಪೌಂಡು ಹತ್ತಿ ಆಚೆ ಹಾರುವ ಮುಂಚೆ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ನನಗೆ ಅಮ್ಮನ ನೆನಪಾಯಿತು. ನೆನಪಾದ ಮೇಲೂ ಹಾರಿದೆ. ಸಹೋದರಿ, ನಾನು ಇಷ್ಟು ವರ್ಷ ಹೊತ್ತುಕೊಂಡಿರುವುದು ಓಡಿದ್ದನ್ನಲ್ಲ, ಆ ಒಂದು ಕ್ಷಣವನ್ನು.

ಆಚೆ ಅಡಿಕೆ ತೋಟ. ಮಳೆ ನೀರು ನಿಂತ ಕಣಿಯಲ್ಲಿ ಮಲಗಿದೆ. ಎಷ್ಟು ಹೊತ್ತು ಗೊತ್ತಿಲ್ಲ. ಕೂಗು ನಿಂತು, ಬೈಕುಗಳು ಹೋದ ಮೇಲೂ ಏಳಲಿಲ್ಲ. ವಾಪಸು ಬಂದಾಗ ಪಾಸ್ಟರ ಹಣೆ ಒಡೆದಿತ್ತು, ಯಾರೋ ಟವೆಲು ಒತ್ತಿ ಹಿಡಿದಿದ್ದರು. ಸಣ್ಣ ಸಣ್ಣ ಲೋಟಗಳು ನೆಲದ ತುಂಬ. ಅಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದರು, ದ್ರಾಕ್ಷಾರಸ ಚೆಲ್ಲಿ ಸೀರೆಯ ಮಡಿಲು ಕೆಂಪಾಗಿತ್ತು. ನಾನು ಅದನ್ನು ರಕ್ತ ಎಂದುಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ “ಅಂಗಿಯೆಲ್ಲ ಕೆಸರಾಗಿದೆ, ಮನೆಗೆ ಹೋಗಿ ಬದಲಿಸು” ಎಂದರು. ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ನೇಮಿಸಿತು. ನಮ್ಮವರು ಹೇಳಿಕೆ ಕೊಡಲು ನನ್ನನ್ನೂ ಕರೆದರು. ಹೋಗಲಿಲ್ಲ. ಹೋದರೆ, ಆಗ ನೀವು ಎಲ್ಲಿದ್ದಿರಿ ಎಂದು ಕೇಳುತ್ತಾರಲ್ಲ. ಭಾನುವಾರ ಆರಾಧನೆಗೆ ಹೋಗುವುದನ್ನೂ ಬಿಟ್ಟೆ. ಕೆಲಸ ಇದೆ ಎಂದು ಅಮ್ಮನನ್ನು ರಿಕ್ಷಾದಲ್ಲಿ ಕಳಿಸುತ್ತಿದ್ದೆ. ಹೀಗೆ ಮೂರು ವರ್ಷ ಹೋಯಿತು.

ಒಂದು ದಿನ ಸಂಜೆ ಪಾಸ್ಟರ್ ಮನೆಗೆ ಬಂದರು. ಕೈಯಲ್ಲಿ ಬಂಗುಡೆ ಮೀನಿನ ತೊಟ್ಟೆ. “ಇವತ್ತು ಒಳ್ಳೇದು ಸಿಕ್ಕಿತು ಮಾರಾಯ. ಕೆಂಡ ಮಾಡು, ಸುಟ್ಟು ತಿನ್ನುವ” ಎಂದರು. ಅಂಗಳದಲ್ಲಿ ಗೆರಟೆ ಸುಟ್ಟು ಕೆಂಡ ಮಾಡಿದೆ. ಅವರೇ ಉಪ್ಪು ಮೆಣಸು ಹಚ್ಚಿದರು. ಹಣೆಯ ಮೇಲಿನ ಹೊಲಿಗೆಯ ಗುರುತು ಬೆಂಕಿಯ ಬೆಳಕಿಗೆ ಕಾಣುತ್ತಿತ್ತು. ಪ್ರಾರ್ಥನೆಯ ಮಾತಿಲ್ಲ, ಬುದ್ಧಿವಾದ ಇಲ್ಲ. ಎರಡು ಮೀನು ತಿಂದು, ಕೈ ತೊಳೆದು, “ಭಾನುವಾರ ಸ್ಪೀಕರ್ ಗರಗರ ಹೇಳ್ತದೆ, ನಮಗೆ ಯಾರಿಗೂ ಅದರ ಗೊತ್ತುಗುರಿ ಇಲ್ಲ” ಎಂದು ಹೇಳಿ ಹೋದರು.

ಆ ಭಾನುವಾರ ಹೋದೆ.

ಯೋಹಾನನ ಸುವಾರ್ತೆಯನ್ನು ಆಮೇಲೆ ಎಷ್ಟು ಸಲ ಓದಿದ್ದೇನೋ. ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ನಾನು ಅವನನ್ನು ಅರಿಯೆ ಎಂದದ್ದು ಇದ್ದಲಿನ ಬೆಂಕಿಯ ಹತ್ತಿರ, 18ನೇ ಅಧ್ಯಾಯ. ಸಮುದ್ರದ ದಡದಲ್ಲಿ ಕರ್ತನು ಮೀನು ಸುಟ್ಟು ಅವನನ್ನು ಊಟಕ್ಕೆ ಕರೆದದ್ದೂ ಕೆಂಡದ ಮುಂದೆಯೇ, 21ನೇ ಅಧ್ಯಾಯ. ಮೂಲ ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಶಬ್ದ ಇದೆಯಂತೆ, ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಅದು ಬರುವುದಿಲ್ಲವಂತೆ. ನಮ್ಮ ಪಾಸ್ಟರಿಗೆ ಇದು ಗೊತ್ತಿದ್ದೇ ಬಂಗುಡೆ ತಂದರೋ, ಸುಮ್ಮನೆ ತಂದರೋ, ನಾನು ಕೇಳಿಲ್ಲ. ಅಲ್ಲಿ ಕರ್ತನು ಪೇತ್ರನಿಗೆ ನೀನು ಯಾಕೆ ಹಾಗೆ ಮಾಡಿದೆ ಎಂದು ಕೇಳುವುದಿಲ್ಲ. ಮೊದಲು ಊಟ. ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಎಂಬ ಮಾತು. ಆಮೇಲೆ ಕೆಲಸ.

ನೀವು ಏನು ಮಾಡಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ನೀವು ಮರದ ತುಂಡೊಂದನ್ನು ಬೀರುವಿನಲ್ಲಿಟ್ಟಿರಿ, ನಾನು ತಾಯಿಯನ್ನು ಬಿಟ್ಟು ಹೋದವ. ನನ್ನನ್ನೇ ವಾಪಸು ಕರೆದವನು ನಿಮ್ಮನ್ನು ಬಿಟ್ಟಾನೆಯೇ? ನಾನು ಈಗಲೂ ಹಿಂದಿನ ಬಾಗಿಲ ಹತ್ತಿರವೇ ಕೂರುವುದು. ಈಗಲೂ ಬೈಕು ನಿಂತರೆ ಎದೆ ಹೊಡೆದುಕೊಳ್ಳುತ್ತದೆ. ಒಂದೇ ವ್ಯತ್ಯಾಸವೆಂದರೆ ಕಾಲು ಸರಿ ಇಲ್ಲದ ಮುದುಕರನ್ನೆಲ್ಲ ನನ್ನ ಪಕ್ಕದ ಸಾಲಿಗೆ ಕೂರಿಸಿಕೊಂಡಿದ್ದೇನೆ. ಬಾಗಿಲ ಚಿಲಕ ಹಾಕಲು ಬಿಡುವುದಿಲ್ಲ.

—ಹೆಸರು ಬೇಡ, ದಕ್ಷಿಣ ಕನ್ನಡ

*

ಇದಕ್ಕೆ ನಾವು ಸೇರಿಸುವುದೇನೂ ಇಲ್ಲ. ಬಾಗಿಲ ಮಾತು ಬಂದದ್ದರಿಂದ ಅಂಚೆ ಕಾರ್ಡಿನಲ್ಲಿ ಬಂದ ಎರಡು ಸಾಲು:

*

ಯೋಹಾನ 20:19. ಶಿಷ್ಯರು ಹೆದರಿ ಬಾಗಿಲು ಮುಚ್ಚಿಕೊಂಡಿದ್ದರು. ಎದ್ದುಬಂದ ಕರ್ತನು ಬಾಗಿಲು ತೆರೆಯಿರಿ ಎಂದು ಗದರಲಿಲ್ಲ, ಮುಚ್ಚಿದ ಬಾಗಿಲೊಳಗೇ ಬಂದು ನಿಮಗೆ ಸಮಾಧಾನವಾಗಲಿ ಎಂದನು.

—ಓದುಗಿ, ಕೊಳ್ಳೇಗಾಲ

*

ನಾನು ವಕೀಲ. ಸಹೋದರಿಯವರ ವಿಶ್ವಾಸದ ಪ್ರಶ್ನೆಗೆ ಗುರುಗಳು ಉತ್ತರಿಸಲಿ. ಅವರಿಗೆ ತಿಳಿದಿರಬೇಕಾದ ಬೇರೆ ಸಂಗತಿಗಳಿವೆ.

ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಕೊಟ್ಟಿದೆ. ತನ್ನ ಮನೆಯಲ್ಲಿ ನಾಲ್ಕು ಜನ ಕೂತು ಪ್ರಾರ್ಥನೆ ಮಾಡುವುದು ಮತಾಂತರವಲ್ಲ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ವಿರೋಧಿ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ಅಪರಾಧವೆಂದಿತು, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. ಅದನ್ನು ರದ್ದುಮಾಡುವ ತೀರ್ಮಾನವನ್ನು ಮುಂದಿನ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ತೆಗೆದುಕೊಂಡಿತು. ಆ ಕಾಯ್ದೆಯಲ್ಲೂ ಮನೆಯ ಪ್ರಾರ್ಥನೆಗೆ ಅಡ್ಡಿ ಇರಲಿಲ್ಲ. ಬದಲಿಗೆ, ಕಾನೂನುಬದ್ಧವಾಗಿ ಆರಾಧನೆಗೆ ಸೇರಿದವರಿಗೆ ಬೇಕೆಂದೇ ಅಡ್ಡಿ ಮಾಡುವುದೇ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಅದು 296ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 300.

ಮತ್ತೆ ಬಂದರೆ ವಾದಕ್ಕೆ ಇಳಿಯಬೇಡಿ. 112ಕ್ಕೆ ಫೋನು ಮಾಡಿ. ದಿನ, ಹೊತ್ತು, ಬಂದವರು ಆಡಿದ ಮಾತು, ಗಾಡಿಯ ನಂಬರು ಅದೇ ದಿನ ಬರೆದಿಡಿ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ನನ್ನ ಅನುಭವದಲ್ಲಿ ಅರ್ಧ ಭಯ ಏನು ಮಾಡಬೇಕೆಂದು ಗೊತ್ತಿಲ್ಲದ್ದರಿಂದ ಬರುವುದು.

—ವಕೀಲರು, ಮೈಸೂರು

*

ಈ ಪತ್ರವನ್ನು ಕತ್ತರಿಸಿ ಇಟ್ಟುಕೊಳ್ಳಿ ಎಂದು ಎಲ್ಲ ಓದುಗರಿಗೂ ಹೇಳುತ್ತೇವೆ. ಉಳಿದರ್ಧ ಭಯದ ಬಗ್ಗೆ ಮುಂದಿನವರು ಬರೆದಿದ್ದಾರೆ.

*

‘ಭಯಪಡಬೇಡ’ ಎಂಬ ಮಾತು ಬೈಬಲಿನಲ್ಲಿ 365 ಸಲ ಬರುತ್ತದೆ, ದಿನಕ್ಕೊಂದು ಎಂದು ಪ್ರಸಂಗಗಳಲ್ಲಿ ಕೇಳಿ ಕೇಳಿ ಭಾನುವಾರ ಶಾಲೆಯ ಮಕ್ಕಳಿಗೂ ನಾನು ಹಾಗೇ ಹೇಳಿಕೊಟ್ಟಿದ್ದೆ. ನಿವೃತ್ತಿಯಾದ ಮೇಲೆ ಪೆನ್ಸಿಲು ಹಿಡಿದು ಎಣಿಸಲು ಕೂತೆ. ಆ ಲೆಕ್ಕ ಸಿಗಲಿಲ್ಲ, ಅದರ ಹತ್ತಿರಕ್ಕೂ ಬರಲಿಲ್ಲ. ಮೊದಲು ಬೇಸರವಾಯಿತು. ಆಮೇಲೆ ಗೆರೆ ಎಳೆದ ವಾಕ್ಯಗಳನ್ನು ಒಂದೊಂದಾಗಿ ಓದಿದಾಗ, ಎಷ್ಟು ಸಲ ಎನ್ನುವುದನ್ನು ಬಿಟ್ಟು ಯಾರಿಗೆ ಎನ್ನುವುದನ್ನು ನೋಡತೊಡಗಿದೆ. ಜಕರೀಯ, ಮರಿಯಳು, ಮರಿಯಳನ್ನು ಸೇರಿಸಿಕೊಳ್ಳಲು ಅಂಜುತ್ತಿದ್ದ ಯೋಸೇಫ, ಹೊಲದಲ್ಲಿ ರಾತ್ರಿ ಕಾವಲಿದ್ದ ಕುರುಬರು, ಸಮಾಧಿಗೆ ಹೋದ ಹೆಂಗಸರು. ಎಲ್ಲರೂ ಆ ಹೊತ್ತಿನಲ್ಲಿ ನಡುಗುತ್ತಿದ್ದವರೇ! ಕೊರಿಂಥದಲ್ಲಿ ಪೌಲನಿಗೆ ರಾತ್ರಿ ದರ್ಶನದಲ್ಲಿ ಕರ್ತನು ಹೆದರಬೇಡ, ಮಾತಾಡುತ್ತಲೇ ಇರು ಎಂದನು (ಅಪೊಸ್ತಲರ ಕೃತ್ಯಗಳು 18). ಅದೇ ಊರಿನವರಿಗೆ ಪೌಲ ಆಮೇಲೆ ಬರೆದ ಪತ್ರದಲ್ಲಿ, ನಾನು ನಿಮ್ಮಲ್ಲಿಗೆ ಬಂದಾಗ ಬಲಹೀನನೂ ಭಯಪಡುವವನೂ ಬಹು ನಡುಗುವವನೂ ಆಗಿದ್ದೆ ಎಂದು ತಾನೇ ಒಪ್ಪಿಕೊಂಡಿದ್ದಾನೆ. ಪೌಲ ನಡುಗಿದ್ದನ್ನು ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ.

ನಾನು ಸಹೋದರಿಗೆ ಕೇಳುವುದು ಇಷ್ಟೇ. ‘ಭಯಪಡಬೇಡ’ ಎಂಬುದನ್ನು ಮೇಷ್ಟ್ರ ಗದರಿಕೆಯ ದನಿಯಲ್ಲಿ ಓದಬೇಡಿ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ಏನೂ ಇಲ್ಲ ಕಂದ ಎನ್ನುತ್ತೇವಲ್ಲ, ಆ ದನಿಯಲ್ಲಿ ಒಂದು ಸಲ ಗಟ್ಟಿಯಾಗಿ ಓದಿ ನೋಡಿ.

—ನಿವೃತ್ತ ಶಿಕ್ಷಕಿ, ಹಾಸನ

*

ತಂಗೀ, ನಾವು ಹುಬ್ಬಳ್ಳಿ ಮಂದಿ. ನಿನ್ನ ಪತ್ರ ನಮ್ಮ ಮನ್ಯಾಗ ಎಲ್ಲಾರೂ ಕುಂತು ಓದಿದ್ವಿ.

ನಮ್ಮಜ್ಜನ ಕಾಲದ್ದು ಒಂದು ಮಾತು ಹೇಳ್ತೀನಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಾಗ, ಧಾರವಾಡಕ್ಕ 1837ರಾಗ, ನಮ್ಮ ಹುಬ್ಬಳ್ಳಿಗೆ 1839ರಾಗ. ಮಿಷನ್ ಸ್ವಿಸ್ ದೇಶದ್ದಾದ್ರೂ ಬಂದ ದೊರಿಗೋಳು ಹೆಚ್ಚಾಗಿ ಜರ್ಮನಿಯವರು. ಹಿಂಗಾಗಿ ಜನಾ ನಮ್ಮನ್ನ ಜರ್ಮನ್ ಮಿಷನ್ನಿನವರು ಅಂತಿದ್ರು. 1914ರಾಗ ಯುದ್ಧ ಹತ್ತಿತು ನೋಡು, ಆ ಹೆಸರೇ ಕುತ್ತಿಗಿಗೆ ಬಂತು. ದೊರಿಗಳನ್ನ ಹಿಡದು ಅಹ್ಮದ್‌ನಗರದ ಕ್ಯಾಂಪಿನಾಗ ಇಟ್ರು, ಆಮ್ಯಾಲ ಅವರ ದೇಶಕ್ಕ ಕಳಿಸಿದ್ರು. ಹೆಂಚಿನ ಕಾರ್ಖಾನಿ, ನೇಕಾರಿಕಿ ಎಲ್ಲಾ ಸರ್ಕಾರದ ಕೈಗೆ ಹೋತು. ಕಾರ್ಖಾನಿ ಅಂದ್ರ ಬರೇ ಕೂಲಿ ಅಲ್ಲ ತಂಗೀ. ಕ್ರಿಸ್ತನ್ನ ನಂಬೀವಿ ಅಂತ ಮನಿ ಮಂದಿ, ಜಾತಿ ಮಂದಿ ಹೊರಗ ಹಾಕಿದವರಿಗೆ ಹೊಟ್ಟಿಗೆ ದಾರಿ ಆಗ್ಲಿ ಅಂತನ ಅವನ್ನ ಸುರು ಮಾಡಿದ್ದು. ಅದೂ ಹೋದ ಮ್ಯಾಲ ಏನು ಉಳೀತು?

ಆ ಕ್ರಿಸ್‌ಮಸ್‌ಗೆ ಗಂಟಿ ಹೊಡಿಯೂದೋ ಬ್ಯಾಡೋ ಅಂತ ಹಿರ್ಯಾರು ರಾತ್ರಿ ಪೂರಾ ಕುಂತಿದ್ರಂತ. ಒಬ್ಬರು ಹೊಡೀಬೇಕು ಅಂದ್ರ ಇನ್ನೊಬ್ಬರು ಬ್ಯಾಡ ಅಂತ. ನಿಮ್ಮ ಸಭೆಯಾಗ ಆದಂಗ. ಕಡೀಗೆ ನಮ್ಮಜ್ಜ, ಓದು ಬರಹ ಅಷ್ಟಕ್ಕಷ್ಟ ಇದ್ದ ಮನಷ್ಯಾ, “ಮುಂಜಾನೆ ಹೆಣ್ಮಕ್ಕಳು ಹುಡುಗ್ರು ಬರ್ತಾರ, ಚರ್ಚಿನ ಕಸಾ ಹೊಡದೀರೇನು?” ಅಂತ ಕೇಳಿದನಂತ. ಯಾರೂ ಹೊಡದಿರಲಿಲ್ಲ. ಎಲ್ಲಾರೂ ಎದ್ದು ಕಸಾ ಹೊಡಿಲಿಕ್ಕೆ ಹೋದ್ರು. ಗಂಟಿ ಹೊಡದ್ರೋ ಬಿಟ್ರೋ ಅನ್ನೂದು ನಮ್ಮ ಮನ್ಯಾಗ ಯಾರಿಗೂ ನೆನಪಿಲ್ಲ. ಕಸಾ ಹೊಡದದ್ದು ನೆನಪೈತಿ. ದೊರಿಗೋಳು ಹೋದ ಮ್ಯಾಲೂ ಶಾಲಿ, ಸಭೆ ನಮ್ಮ ಮಂದೀನ ನಡಿಸಿದ್ರು.

ನಿನ್ನ ಹೊಸ್ತಿಲಾ ದಿನಾ ಸಾರಸ್ತಿಯಲ್ಲಾ, ಹಂಗ ಸಾರಸ್ತಾ ಇರು ತಂಗೀ.

—ಹುಬ್ಬಳ್ಳಿ

*

ನಮ್ಮಲ್ಲಿರುವ ಎರಡೂ ಪಂಗಡದವರು ಈ ಅಜ್ಜನ ಪ್ರಶ್ನೆಯನ್ನು ಗಮನಿಸಲಿ. ಪಂಗಡಗಳ ವಿಷಯಕ್ಕೇ ಬೆಂಗಳೂರಿನ ಯುವ ಓದುಗರೊಬ್ಬರು ನೊಂದು ಬರೆದಿದ್ದಾರೆ. ಸಹೋದರಿ ಕೇಳಿದ ಪ್ರಶ್ನೆ ಅದಲ್ಲವಾದರೂ ದೂರದ್ದೂ ಅಲ್ಲ.

*

ಹೊರಗಿನವರು ಬಂದು ಕೂಗಾಡಿದ್ದಕ್ಕೆ ನಾವೆಲ್ಲ ನೊಂದುಕೊಳ್ಳುತ್ತೇವೆ. ಒಳಗೆ? ನಾನು ಹುಟ್ಟಿ ಬೆಳೆದ ಧರ್ಮಕೇಂದ್ರದಲ್ಲಿ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬುದಕ್ಕೆ ಜನ ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಕನ್ನಡದವರು, ತಮಿಳಿನವರು, ಕೊಂಕಣಿಯವರು. ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ನಿನ ಜಾಗದಲ್ಲಿ ತಾಯ್ನುಡಿಗೆ ಅವಕಾಶ ಕೊಟ್ಟದ್ದು ದೇವರ ಮಾತು ಎಲ್ಲರಿಗೂ ತಿಳಿಯಲಿ ಎಂದು. ಕನ್ನಡದ ನೆಲದಲ್ಲಿ ಕನ್ನಡದ ಪೂಜೆಗಾಗಿ ನಮ್ಮ ಹಿರಿಯರು ಪಟ್ಟ ಪಾಡು ನನಗೆ ಗೊತ್ತು, ಅದು ನ್ಯಾಯವಾದದ್ದೇ. ಆದರೆ ನನ್ನ ಅಪ್ಪ ಸತ್ತಾಗ ಪಕ್ಕದ ಬೀದಿಯ ತಮಿಳು ಕುಟುಂಬ ಮಣ್ಣಿಗೆ ಬಂದರೂ ಮನೆಯೊಳಗೆ ಬರಲಿಲ್ಲ. ನಾವೂ ಕರೆಯಲಿಲ್ಲ. ಅಪ್ಪ ಮತ್ತು ಆ ಮನೆಯ ಯಜಮಾನರು ಒಂದೇ ದಿನ ಹೊಸ ಪರಮಪ್ರಸಾದ (ಪೂಜೆಯಲ್ಲಿ ಮೊದಲ ಸಲ ಕೊಡುವ ಪ್ರಸಾದ) ತೆಗೆದುಕೊಂಡ ಹುಡುಗರಂತೆ, ಫೋಟೋ ಇದೆ.

ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ಅನ್ಯರ ಜೊತೆ ಊಟ ಮಾಡುತ್ತಿದ್ದವನು ಜೆರುಸಲೇಮಿನಿಂದ ಕೆಲವರು ಬಂದ ಕೂಡಲೇ ಹೆದರಿ ಪಂಕ್ತಿಯಿಂದ ಎದ್ದ. ಪೌಲ ಅವನನ್ನು ಮುಖದ ಮೇಲೆ ತರಾಟೆಗೆ ತೆಗೆದುಕೊಂಡ (ಗಲಾತ್ಯ 2). ಆಗ ಪೇತ್ರ ಹೆದರಿದ್ದು ವೈರಿಗಳಿಗಲ್ಲ, ತನ್ನ ಕಡೆಯವರಿಗೇ. ನನಗೂ ಆ ಭಯವೇ ಹೆಚ್ಚು. ಈ ಕ್ರಿಸ್‌ಮಸ್‌ಗೆ ಆ ಮನೆಗೆ ಹೋಗಬೇಕೆಂದಿದ್ದೇನೆ, ನನ್ನ ಚಿಕ್ಕಪ್ಪಂದಿರು ಏನನ್ನುತ್ತಾರೋ.

—ವಿದ್ಯಾರ್ಥಿ, ಬೆಂಗಳೂರು

*

ಇದೇ ಊರಿನ ಇನ್ನೊಬ್ಬರು “ಅಲ್ಲಿ ಯಾಕೆ ಕಷ್ಟಪಡುತ್ತೀರಿ, ಮನೆ ಮಾರಿ ಬೆಂಗಳೂರಿಗೆ ಬನ್ನಿ, ಇಲ್ಲಿ ಯಾರೂ ಕೇಳುವುದಿಲ್ಲ” ಎಂದಿದ್ದಾರೆ. ಅಕ್ಕರೆಯ ಮಾತೇ. ಅತ್ತೆ ಪ್ರಾರ್ಥನೆಗೆ ಕೂತ ಜಗುಲಿಯನ್ನು ಬಿಟ್ಟು ಬರುವುದು ಸಹೋದರಿಗೆ ಸುಲಭವೆಂದು ನಮಗೆ ಅನ್ನಿಸಲಿಲ್ಲ.

ಕ್ಷಮಿಸಿಬಿಡಿ ಎಂದು ಒಂದೇ ಮಾತಿನಲ್ಲಿ ಬರೆದವರು ಹಲವರು. ಆ ಪತ್ರಗಳ ಬದಲಿಗೆ ಕ್ಷಮೆಯ ಬಗ್ಗೆಯೇ ಬಂದ ಇನ್ನೊಂದನ್ನು ಆರಿಸಿದ್ದೇವೆ.

*

ಪ್ರೀತಿಯ ಸಹೋದರಿ, ನಾನು ಕನ್ಯಾಸ್ತ್ರೀ. ಮಧ್ಯಪ್ರದೇಶದಲ್ಲಿ ಕೆಲ ವರ್ಷ ಸೇವೆಯಲ್ಲಿದ್ದೆ. ಅಲ್ಲಿ ಎಲ್ಲರೂ ಹೇಳುವ ಕಥೆ ಸಿಸ್ಟರ್ ರಾಣಿ ಮರಿಯಾ ಅವರದು. ಕೇರಳದಿಂದ ಹೋಗಿ ಇಂದೋರ್ ಕಡೆಯ ಹಳ್ಳಿಗಳಲ್ಲಿ ಬಡ ರೈತರು ಸಾಲದ ಹಿಡಿತದಿಂದ ಬಿಡಿಸಿಕೊಳ್ಳುವಂತೆ ಸಂಘ ಕಟ್ಟಿದವರು. ಅದು ಕೆಲವರಿಗೆ ಆಗಲಿಲ್ಲ. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬವನು ಅವರನ್ನು ಚೂರಿಯಿಂದ ಇರಿದು ಕೊಂದ. ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. ಜೈಲಿನಿಂದ ಬಿಡುಗಡೆಯಾಗಿ ಬಂದ ಅವನು, 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ (ಸಂತ ಪದವಿಗೆ ಮುಂಚಿನ ಹಂತ) ಎಂದು ಸಾರಿದಾಗ ಅಲ್ಲಿದ್ದ.

ಈ ಕಥೆಯನ್ನು ಪ್ರಬೋಧನೆಗಳಲ್ಲಿ ಹೇಳುವಾಗ ಕೊಲೆಯಾದ ಮರುದಿನವೇ ರಾಖಿ ಕಟ್ಟಿದ ಹಾಗೆ ಹೇಳುತ್ತಾರೆ. ರಾಖಿ ಕಟ್ಟಿದ್ದು 2002ರಲ್ಲಿ. ನಡುವೆ ಏಳು ವರ್ಷ ಇತ್ತು. ಆ ಏಳು ವರ್ಷಗಳ ರಾತ್ರಿಗಳು ಹೇಗಿದ್ದವು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಮಗೆ ಕೆಲವೇ ತಿಂಗಳಾಗಿದೆ. ನಿಮ್ಮ ಬಾಗಿಲಲ್ಲಿ ಕೂಗಿದ ಹುಡುಗರಿಗಾಗಿ ಈಗಲೇ ಪ್ರಾರ್ಥಿಸಲು ಆಗದಿದ್ದರೆ ಅದನ್ನೇ ದೇವರಿಗೆ ಹೇಳಿ. ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭುವೂ ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದೇ ಮೊದಲು ಕೇಳಿದ್ದು.

—ಸಿಸ್ಟರ್, ಶಿವಮೊಗ್ಗ

*

ಮುಂದಿನ ಪತ್ರವನ್ನು ಬರೆದವರು ಕ್ರೈಸ್ತರಲ್ಲ. ಪ್ರಕಟಿಸಿ ಎಂದೂ ಅವರು ಕೇಳಿರಲಿಲ್ಲ. ನಾವು ಫೋನಿನಲ್ಲಿ ಅನುಮತಿ ಪಡೆದೆವು.

*

ನಿಮ್ಮ ಪತ್ರಿಕೆ ನನಗೆ ಸಿಕ್ಕಿದ್ದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕಾಯುವಾಗ. ಆ ಪತ್ರ ಓದುತ್ತಾ ಕೈ ನಡುಗಿತು. ನಾನು ಅವರ ಪಕ್ಕದ ಮನೆಯವಳಲ್ಲ, ನಮ್ಮದು ಬೇರೆ ಊರು, ಬೇರೆ ಜಿಲ್ಲೆ. ಆದರೆ ನಾನೂ ಅಂಥದೇ ಒಂದು ಪಕ್ಕದ ಮನೆಯವಳು.

ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯಲ್ಲೂ ಹೀಗೇ ಆಯಿತು. ನಾನು ಕಿಟಕಿಯಲ್ಲಿ ಪರದೆ ಹಿಡಿದು ನಿಂತಿದ್ದೆ. ಕೂಗುತ್ತಿದ್ದ ಹುಡುಗರಲ್ಲಿ ಒಬ್ಬ ನನ್ನ ಮೈದುನನ ಮಗ. ಅವನಿಗೆ ಆ ಮನೆಯ ಟೀಚರೇ ಏಳನೇ ಕ್ಲಾಸಿನವರೆಗೆ ಇಂಗ್ಲಿಷ್ ಹೇಳಿಕೊಟ್ಟದ್ದು, ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಒಂದು ಸಲ ಹೊರಗೆ ಬಂದು “ಏ, ಮನೆಗೆ ನಡಿಯೋ” ಎಂದಿದ್ದರೆ ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದನೇನೋ. ನಾನು ಬರಲಿಲ್ಲ. ಮನೆಯವರು ಏನನ್ನುತ್ತಾರೋ, ಓಣಿಯವರು ಏನನ್ನುತ್ತಾರೋ, ನಮ್ಮ ಹುಡುಗನನ್ನೇ ಬಿಟ್ಟುಕೊಟ್ಟಳು ಎನ್ನುತ್ತಾರೋ.

ಮಾರನೇ ದಿನದಿಂದ ಟೀಚರಿಗೆ ಮುಖ ತೋರಿಸಲು ನಾಚಿಕೆ. ಅವರು ಹಿತ್ತಲಿಗೆ ಬಂದರೆ ನಾನು ಒಳಗೆ ಹೋಗುತ್ತಿದ್ದೆ. ಅವರು ನನಗೆ ಅವರ ಮೇಲೆ ಕೋಪ ಎಂದೇ ತಿಳಿದಿರಬೇಕು. ಕೋಪ ಅಲ್ಲ ತಾಯಿ, ಕೋಪ ಅಲ್ಲ. ಅವರು ಕ್ರಿಸ್‌ಮಸ್‌ಗೆ ಕಜ್ಜಾಯ, ಕೇಕು ಇಟ್ಟು ಕೊಟ್ಟ ಸ್ಟೀಲಿನ ತಟ್ಟೆ ಇನ್ನೂ ನಮ್ಮ ಮನೆಯಲ್ಲೇ ಇದೆ. ಖಾಲಿ ತಟ್ಟೆ ವಾಪಸು ಕೊಡಬಾರದು ಎಂದು ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಕಾದಿದ್ದೆ. ಸಂಕ್ರಾಂತಿಗೆ ಮುಂಚೆಯೇ ಇದೆಲ್ಲ ಆಯಿತು. ಅಂಚಿನಲ್ಲಿ ಅವರ ಅತ್ತೆಯ ಹೆಸರು ಕೆತ್ತಿಸಿದ್ದಾರೆ. ಪಾತ್ರೆ ತೊಳೆಯುವಾಗೆಲ್ಲ ಅದು ಕೈಗೆ ಸಿಗುತ್ತದೆ, ನಾನು ಇನ್ನೊಂದರ ಕೆಳಗೆ ಇಡುತ್ತೇನೆ. ಆ ಸಹೋದರಿ ಶಿಲುಬೆಯನ್ನು ಸೀರೆಯ ಕೆಳಗೆ ಇಟ್ಟ ಹಾಗೆ.

ಅವರ ಪಕ್ಕದ ಅಕ್ಕ ಹೇಗೋ ನನಗೆ ತಿಳಿಯದು. ಕೆಟ್ಟವರೇ ಇರಬಹುದು. ನನ್ನ ಹಾಗೆ ಹೇಡಿಯೂ ಇರಬಹುದು. ಒಂದು ಸಲ ಕರೆದು ನೋಡಲಿ. ನೊಂದವರೇ ಮೊದಲು ಮಾತಾಡಬೇಕು ಎನ್ನುವುದು ನ್ಯಾಯವಲ್ಲ ಎಂದು ನನಗೆ ಗೊತ್ತು. ಅದಕ್ಕೇ ನಾನು ಇವತ್ತು ರವೆ ಹುರಿದಿಟ್ಟಿದ್ದೇನೆ. ಉಂಡೆ ಕಟ್ಟಿ ತಟ್ಟೆಗೆ ಹಾಕಿಕೊಂಡು ಸಂಜೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗುಲಿಯ ಮೇಲೆ ಇಟ್ಟು ಬರುತ್ತೇನೆ.

—ಹೆಸರು, ಊರು ಬೇಡ

*

ಹೋದರೇ, ಬಾಗಿಲು ತೆಗೆದರೇ ಎಂದು ನಾವು ಕೇಳಲಿಲ್ಲ. ಕೊನೆಯದಾಗಿ, ತುಮಕೂರು ಸೀಮೆಯ ಅಜ್ಜಿಯೊಬ್ಬರು ಹೇಳಿ ಮೊಮ್ಮಗಳು ಬರೆದುಕೊಂಡದ್ದು:

*

ಮಗಾ, ನಾನು ಓದು ಬರಹ ಕಲಿತವಳಲ್ಲ, ನನ್ನ ಮೊಮ್ಮಗಳು ಓದಿ ಹೇಳಿದ್ಲು. ಬಾಗಿಲ ಮೇಲೆ ಶಿಲುಬೆ ಇರಲೇಬೇಕು ಅಂತ ಯೇಸಪ್ಪ ಎಲ್ಲೂ ಹೇಳಿಲ್ಲ. ಆದ್ರೆ ಸೀರೆ ಕೆಳಗೆ ಇಟ್ರೆ ನಿನಗೇ ಕಾಣಲ್ವಲ್ಲ. ಅಡುಗೆಮನೇಲಿ ಒಲೆ ಮೇಲ್ಗಡೆ ಹಾಕ್ಕೊ, ಅನ್ನ ಬಗ್ಗಿಸುವಾಗ ನೋಡ್ಕೋಬೋದು. ಧೈರ್ಯ ಬಂದ ದಿನ ಹೊರಗೆ ಹಾಕು. ಬರದಿದ್ರೆ ಅಲ್ಲೇ ಇರ್ಲಿ. ಮೊಳೆ ಮಾತ್ರ ಕೀಳಬೇಡ.

ಹನ್ನೆರಡು ಜನ ಬೇಡ, ಇಬ್ಬರು ಮೂವರು ಸಾಕು ಅಂತ ಅವನೇ ಹೇಳಿದಾನೆ. ಶುಕ್ರವಾರ ಬೇಡ ಅಂದ್ರೆ ಮಂಗಳವಾರ ಕೂತ್ಕೊಳ್ಳಿ. ಹಾಡು ಮೆತ್ತಗೆ ಹಾಡಿ, ಅವನಿಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ.

ಒಂದು ಕೇಳ್ತೀನಿ. ಪ್ರಾರ್ಥನೆ ಆದ್ಮೇಲೆ ಟೀ ಕೊಡ್ತಿದ್ದೆ ಅಂದೆಯಲ್ಲ, ಹಾಲು ಯಾರ ಮನೆಯಿಂದ ತರ್ತಿದ್ದೆ? ಪಕ್ಕದ ಮನೆಯಿಂದನಾ? ಹಂಗಿದ್ರೆ ಚೊಂಬು ತಗೊಂಡು ಹೋಗು.

*

ಈ ವಿಷಯದ ಪತ್ರಗಳನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ. ಅಚ್ಚಾದವು, ಆಗದವು ಎಲ್ಲವನ್ನೂ ಕಟ್ಟು ಕಟ್ಟಿ ಸಹೋದರಿಯವರಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ತಟ್ಟೆಯ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ.